ಮನೆ ಮಾರುವ ಮೊದಲು: ಗೋಡೆಯ ತೇವದಿಂದ ದಾಖಲೆಯ ಫೈಲಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮನೆ ಮಾರೋಣ ಎಂದು ತೀರ್ಮಾನಿಸಿದಾಗ ನಾವು ಮೊದಲು ಕರೆಸಿದ್ದು ಬಣ್ಣದವರನ್ನು. ಎರಡು ವಾರದಲ್ಲಿ ಮನೆ ಹೊಸದರ ಹಾಗೆ ಕಾಣತೊಡಗಿತು. ನೋಡಲು ಬಂದ ಮೊದಲ ಹಿರಿಯರು ಬಣ್ಣದ ಕಡೆ ಗಮನವನ್ನೇ ಕೊಡಲಿಲ್ಲ. ಸ್ನಾನದ ಮನೆಯ ಪಕ್ಕದ ಗೋಡೆಯ ಹತ್ತಿರ ಬಗ್ಗಿದರು. ಬುಡದಲ್ಲಿ ಬೆರಳು ಸವರಿದರು. ಬೆರಳಿಗೆ ಬಿಳಿ ಪುಡಿ ಅಂಟಿತು. "ಇಲ್ಲಿ ತೇವ ಇದೆ ಅಲ್ವಾ?" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರು ಎಲ್ಲ ಗೋಡೆಗಳನ್ನೂ ಅದೇ ಅನುಮಾನದಿಂದ ನೋಡಿದರು, ಚೆನ್ನಾಗಿದ್ದ ಗೋಡೆಗಳನ್ನೂ ಸೇರಿಸಿ.

ಮೂರು ತಿಂಗಳು ಮಾರಾಟದ ಮಾತನ್ನು ನಿಲ್ಲಿಸಿದೆವು. ಗೋಡೆಯೊಳಗಿನ ಪೈಪನ್ನು ಸರಿಮಾಡಿಸಿ, ಗಾರೆ ತೆಗೆಸಿ ಹೊಸದಾಗಿ ಹಾಕಿಸಿ, ಒಣಗಲು ಬಿಟ್ಟು, ಮತ್ತೆ ಬಣ್ಣ ಹಚ್ಚಿಸಿದೆವು. ಮುಂದೆ ಬಂದವರಿಗೆ ಆ ಗೋಡೆಯನ್ನು ನಾವೇ ತೋರಿಸಿದೆವು. ಹಳೆಯ ಫೋಟೋ, ಕೆಲಸದ ಬಿಲ್ಲು ಎರಡನ್ನೂ ಮುಂದಿಟ್ಟೆವು. ಅವರು ಆ ಗೋಡೆಯ ಬಗ್ಗೆ ಮತ್ತೆ ಕೇಳಲಿಲ್ಲ.

ಕೊಳ್ಳುವವರಿಗೆ ಕಾಣುವ ದೋಷಕ್ಕಿಂತ ಕಾಣದ ದೋಷದ ಭಯ ಜಾಸ್ತಿ. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಬಳಸಿದ ಕಾರುಗಳ ಮಾರುಕಟ್ಟೆಯ ಉದಾಹರಣೆ ಕೊಟ್ಟು ಇದನ್ನೇ ವಿವರಿಸಿದರು. ಒಳಗೇನಿದೆ ಎಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲವನ್ನೂ ಕೆಟ್ಟದ್ದೇ ಇರಬಹುದು ಎಂದುಕೊಂಡು ಬೆಲೆ ಇಳಿಸುತ್ತಾನೆ, ಒಳ್ಳೆಯದಕ್ಕೂ ತಕ್ಕ ಬೆಲೆ ಸಿಗುವುದಿಲ್ಲ. ಮನೆಗೂ ಇದೇ ಮಾತು ಅನ್ವಯಿಸುತ್ತದೆ. ಕೆಳಗಿನ ಹೆಜ್ಜೆಗಳನ್ನೆಲ್ಲ ನಾನು ಜೋಡಿಸಿರುವುದು ಆ ಅನುಮಾನಕ್ಕೆ ಜಾಗ ಇಲ್ಲದಂತೆ ಮಾಡುವ ಲೆಕ್ಕದಲ್ಲಿ.

ಸಮಯ ಎಷ್ಟು ಬೇಕು? ಮನೆ ಗಟ್ಟಿಯಾಗಿದ್ದರೆ ಮೂರು ನಾಲ್ಕು ವಾರ ಸಾಕು. ಗಾರೆ ಕೆಲಸ ಇದ್ದರೆ ಎರಡರಿಂದ ಮೂರು ತಿಂಗಳು ಇಟ್ಟುಕೊಳ್ಳಿ. ಹೊಸ ಸಿಮೆಂಟ್ ಗಾರೆಗೆ ಬಣ್ಣ ಹಚ್ಚುವ ಮೊದಲು ಸಾಮಾನ್ಯವಾಗಿ ನಾಲ್ಕು ವಾರವಾದರೂ ಬಿಡಬೇಕು. ಈ ನಾಲ್ಕು ವಾರವನ್ನು ಉಳಿಸಲು ಹೋಗಬೇಡಿ.

ಹೆಜ್ಜೆ 1: ಪರರ ಕಣ್ಣಿನಿಂದ ಒಂದು ಸುತ್ತು

ಒಂದು ನೋಟ್‌ಬುಕ್ ಹಿಡಿದು ಮನೆಯಿಂದ ಹೊರಗೆ ಹೋಗಿ. ರಸ್ತೆಯ ಆಚೆ ಬದಿ ನಿಂತು ನೋಡಿ. ಅಲ್ಲಿಂದ ಬಾಗಿಲವರೆಗೆ ನಡೆದು ಬನ್ನಿ. ಬೀಗ ತೆಗೆಯಲು ಎಷ್ಟು ಹೊತ್ತು ಬೇಕಾಯಿತು, ಆ ಹೊತ್ತಿನಲ್ಲಿ ಕಣ್ಣು ಎಲ್ಲಿ ನಿಂತಿತು? ನೋಡಲು ಬಂದವರೂ ಅಲ್ಲೇ ನಿಂತು ಕಾಯುತ್ತಾರೆ. ಬಾಗಿಲ ಕೆಳಗಿನ ಕೊಳೆ, ತುಕ್ಕು ಹಿಡಿದ ಚಿಲಕ, ಅಲುಗಾಡುವ ಹಿಡಿಕೆ ಎಲ್ಲ ಆಗಲೇ ಕಾಣುತ್ತವೆ.

ಒಳಗೆ ಬಂದ ಮೇಲೆ ಪ್ರತಿ ಕೋಣೆಯಲ್ಲೂ ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಪ್ರತಿ ಬಾಗಿಲು, ಕಿಟಕಿ, ಕಪಾಟು, ಡ್ರಾಯರ್ ತೆರೆದು ಮುಚ್ಚಿ. ಪ್ರತಿ ಸ್ವಿಚ್ ಹಾಕಿ, ಪ್ರತಿ ನಲ್ಲಿ ತಿರುಗಿಸಿ. ಸಿಕ್ಕ ಕೊರತೆಗಳನ್ನೆಲ್ಲ ಬರೆದುಕೊಂಡು ಮೂರು ಗುಂಪು ಮಾಡಿ: ನೀರು ಮತ್ತು ಸುರಕ್ಷತೆಗೆ ಸೇರಿದ್ದು, ಕೆಟ್ಟು ಹೋಗಿರುವುದು, ನೋಡಲು ಚೆನ್ನಾಗಿಲ್ಲದ್ದು. ಕೆಲಸ ನಡೆಯಬೇಕಾದದ್ದೂ ಇದೇ ಕ್ರಮದಲ್ಲಿ. ಹೆಚ್ಚಿನವರು ಮೂರನೆಯದರಿಂದ ಶುರು ಮಾಡುತ್ತಾರೆ, ನಾವು ಮಾಡಿದ ಹಾಗೆ. ಆಗ ಅದೇ ಗೋಡೆಗೆ ಎರಡು ಸಲ ದುಡ್ಡು ಸುರಿಯಬೇಕಾಗುತ್ತದೆ.

ಹೆಜ್ಜೆ 2: ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ಸೋರಿಕೆಯಿಂದ ಶುರು ಮಾಡಿ. ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ, ನೀರಿನ ಮೀಟರ್ ಇದ್ದರೆ ಅದರ ಅಂಕಿ ಬರೆದುಕೊಳ್ಳಿ. ಎರಡು ಗಂಟೆ ಯಾರೂ ನೀರು ಮುಟ್ಟಬಾರದು. ಆಮೇಲೆ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಫ್ಲಶ್ ಟ್ಯಾಂಕಿಗೆ ಬೇರೆ ಪರೀಕ್ಷೆ ಇದೆ. ಟ್ಯಾಂಕಿನ ನೀರಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಕಾಯಿರಿ. ಫ್ಲಶ್ ಮಾಡದೆಯೇ ಕೆಳಗೆ ಬಣ್ಣ ಕಂಡರೆ ಒಳಗಿನ ರಬ್ಬರ್ ಸವೆದಿದೆ. ಇದು ಸಣ್ಣ ಖರ್ಚಿನ ಕೆಲಸ. ಆದರೆ ಸದ್ದಿಲ್ಲದ ಮನೆಯಲ್ಲಿ ನೀರು ಸೋರುವ ಸದ್ದು ಕೊಳ್ಳುವವರ ಕಿವಿಗೆ ತಕ್ಷಣ ಬೀಳುತ್ತದೆ.

ಇನ್ನು ಗೋಡೆಯ ತೇವ. ಇದರಲ್ಲಿ ಮುಖ್ಯವಾಗಿ ಮೂರು ಬಗೆ ಇದೆ. ಬಗೆ ತಿಳಿಯದೆ ಮದ್ದು ಮಾಡಿದರೆ ಉಪಯೋಗವಿಲ್ಲ.

ನೆಲದಿಂದ ಮೇಲೇರುವ ತೇವ ಸಾಮಾನ್ಯವಾಗಿ ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಅದರ ಮೇಲಂಚಿನಲ್ಲಿ ಅಲೆಯಂಥ ಕಲೆ ಇರುತ್ತದೆ. ಮಣ್ಣಿನ ನೀರು ಇಟ್ಟಿಗೆ, ಗಾರೆಗಳ ಸಣ್ಣ ರಂಧ್ರಗಳಲ್ಲಿ ಮೇಲೆ ಹತ್ತುತ್ತದೆ, ಬತ್ತಿಯಲ್ಲಿ ಎಣ್ಣೆ ಹತ್ತಿದ ಹಾಗೆ. ನೀರು ಆರಿದ ಮೇಲೆ ಅದರಲ್ಲಿದ್ದ ಉಪ್ಪು ಗೋಡೆಯ ಮೇಲೆ ಬಿಳಿ ಪುಡಿಯಾಗಿ ಉಳಿಯುತ್ತದೆ. ಹೊರಗೆ ಗೋಡೆಗೆ ತಾಗಿ ಮಣ್ಣು ಪೇರಿಸಿದ್ದೀರಾ ನೋಡಿ. ಎಷ್ಟೋ ಸಲ ಅದನ್ನು ತೆಗೆದರೇ ಅರ್ಧ ಕೆಲಸ ಮುಗಿಯುತ್ತದೆ. ನೆಲವು ಮನೆಯಿಂದ ಹೊರಗಿನ ಕಡೆಗೆ ಇಳಿಜಾರಾಗಿರಬೇಕು. ಮೊದಲ ಮೂರು ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರ್ ಇಳಿದರೆ ಮಳೆನೀರು ಅಡಿಪಾಯದ ಹತ್ತಿರ ನಿಲ್ಲುವುದಿಲ್ಲ.

ಪೈಪಿನಿಂದಲೋ ಚಾವಣಿಯಿಂದಲೋ ಬರುವ ತೇವ ಒಂದೇ ಕಡೆ, ದುಂಡಗೆ ಅಥವಾ ಇಳಿದ ಗೆರೆಯಾಗಿ ಕಾಣುತ್ತದೆ. ಮಳೆ ಬಂದಾಗ ಮಾತ್ರ ಕಲೆ ದೊಡ್ಡದಾದರೆ ಚಾವಣಿ ಅಥವಾ ಹೊರಗೋಡೆಯನ್ನು ನೋಡಿ. ಮಳೆಯಿಲ್ಲದ ದಿನವೂ ಒದ್ದೆಯಿದ್ದರೆ ಪೈಪಿನ ಮೇಲೆ ಅನುಮಾನ ಇರಲಿ. ಸ್ನಾನದ ಮನೆಯ ಕೆಳಗಿನ ಕೋಣೆಯಲ್ಲಿ ಕಲೆ ಇದೆಯಾ? ಕಾಂಕ್ರೀಟ್ ನೆಲವಾದರೆ ಮೇಲಿನ ಸ್ನಾನದ ಮನೆಯ ನೀರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ. ಎರಡು ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಡಿ. ನೀರು ಗೆರೆಯಿಂದ ಚೆನ್ನಾಗಿ ಕೆಳಗಿಳಿದು, ಕೆಳಗಿನ ಸೀಲಿಂಗಿನಲ್ಲಿ ಕಲೆ ಮೂಡಿದರೆ ನೆಲದ ಜಲನಿರೋಧಕ ಪದರ ಕೆಟ್ಟಿದೆ ಎಂದು ತಿಳಿಯಬಹುದು.

ಮೂರನೆಯದು ಗಾಳಿಯ ತೇವ. ಸ್ನಾನದ ಮನೆ, ಅಡುಗೆ ಮನೆಯ ಹಬೆ ತಣ್ಣನೆಯ ಗೋಡೆ ಮುಟ್ಟಿ ನೀರಾಗುತ್ತದೆ. ಕಪಾಟಿನ ಹಿಂದೆ, ಮೂಲೆಗಳಲ್ಲಿ ಕಪ್ಪು ಬೂಷ್ಟು ಕಟ್ಟುವುದು ಹೆಚ್ಚಾಗಿ ಇದರಿಂದಲೇ. ಕಪಾಟನ್ನು ಗೋಡೆಯಿಂದ ಐದು ಹತ್ತು ಸೆಂಟಿಮೀಟರ್ ದೂರಕ್ಕೆ ಸರಿಸಿ. ಹಬೆ ಹೊರಗೆ ತಳ್ಳುವ ಫ್ಯಾನ್ ಸರಿಯಾಗಿ ಎಳೆಯುತ್ತಿದೆಯಾ ಎಂದು ಒಂದು ತೆಳು ಕಾಗದ ಹಿಡಿದು ನೋಡಿ.

ಯಾವ ಬಗೆ ಎಂದು ಗೊತ್ತಾಗದಿದ್ದರೆ ಒಂದು ಸುಲಭ ಪರೀಕ್ಷೆ ಮಾಡಿ. ಒಂದು ಮೊಳ ಉದ್ದದ ಚೌಕಾಕಾರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹಾಳೆಯ ಮುಂಭಾಗ ಒದ್ದೆಯಾಗಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಇದೆ.

ಕಾರಣ ಸರಿಮಾಡಿದ ಮೇಲೂ ಗೋಡೆ ಒಣಗುವವರೆಗೆ ಬಣ್ಣ ಬೇಡ. ಒದ್ದೆ ಗೋಡೆಗೆ ಹಚ್ಚಿದ ಬಣ್ಣ ಕೆಲವೇ ವಾರಗಳಲ್ಲಿ ಗುಳ್ಳೆ ಎದ್ದು ಕಳಚುತ್ತದೆ. ದುರಸ್ತಿಗೆ ಮೊದಲು, ನಡುವೆ ಮತ್ತು ಮುಗಿದ ಮೇಲೆ ಫೋಟೋ ತೆಗೆದಿಡಿ. ಬಿಲ್ಲನ್ನು ಎಸೆಯಬೇಡಿ.

ಹೆಜ್ಜೆ 3: ಬಿರುಕು, ಗೆದ್ದಲು, ವಿದ್ಯುತ್

ಗಾರೆಯಲ್ಲಿ ಒಂದು ಮಿಲಿಮೀಟರ್‌ಗಿಂತ ಸಣ್ಣ ಕೂದಲೆಳೆ ಬಿರುಕುಗಳು ಎಲ್ಲ ಮನೆಯಲ್ಲೂ ಇರುತ್ತವೆ. ಪುಟ್ಟಿ ತುಂಬಿ ಬಣ್ಣ ಹಚ್ಚಿದರೆ ಸಾಕು. ಐದು ಮಿಲಿಮೀಟರ್‌ಗಿಂತ ಅಗಲವಾದದ್ದು, ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟದ್ದು, ಇಟ್ಟಿಗೆಯ ಸಾಲಿನಲ್ಲಿ ಮೆಟ್ಟಿಲಿನ ಹಾಗೆ ಇಳಿದದ್ದು, ಇವುಗಳನ್ನು ಮಾತ್ರ ಮುಚ್ಚಿಹಾಕಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಬೆಳೆಯುತ್ತಿದೆ ಅನ್ನಿಸಿದರೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ, ಅವರ ಅಭಿಪ್ರಾಯವನ್ನು ಬರೆಸಿಕೊಳ್ಳಿ. "ಇದು ಹಳೆಯದು, ಏನೂ ಆಗಲ್ಲ" ಎಂದು ನೀವು ಹೇಳಿದರೆ ಯಾರೂ ನಂಬುವುದಿಲ್ಲ. ಎಂಜಿನಿಯರ್ ಸಹಿ ಮಾಡಿದ ಒಂದು ಪುಟವನ್ನು ನಂಬುತ್ತಾರೆ.

ಮರದ ಚೌಕಟ್ಟುಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಗಳು ಕಂಡರೆ ಅದು ಗೆದ್ದಲಿನ ದಾರಿ. ಅದನ್ನು ಕೆರೆದು ತೆಗೆದರೆ ಗುರುತು ಮಾತ್ರ ಹೋಗುತ್ತದೆ, ಗೆದ್ದಲು ಹೋಗುವುದಿಲ್ಲ. ಕೀಟ ನಿಯಂತ್ರಣದವರನ್ನು ಕರೆಸಿ ಮದ್ದು ಹಾಕಿಸಿ.

ಸ್ವಿಚ್ ಬಿಸಿಯಾಗುವುದು, ದೀಪ ಮಿನುಗುವುದು, ಸುಟ್ಟ ವಾಸನೆ ಬರುವುದು, ಇವುಗಳನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರವೇ ಸರಿಮಾಡಿಸಿ. ಮೇನ್ ಬೋರ್ಡಿನಲ್ಲಿ ಶಾಕ್ ತಡೆಯುವ ಬ್ರೇಕರ್ ಇದ್ದರೆ ಅದರಲ್ಲಿ ಪರೀಕ್ಷೆಯ ಗುಂಡಿ ಇರುತ್ತದೆ. ಒತ್ತಿದಾಗ ಕರೆಂಟ್ ತಟ್ಟನೆ ಕಡಿಯಬೇಕು. ಕಡಿಯದಿದ್ದರೆ ಅದನ್ನು ಬದಲಾಯಿಸಿ. ಮನೆ ಮಾರುವವರೆಗೆ ಅಲ್ಲಿ ವಾಸ ಮಾಡುವವರು ನೀವೇ ತಾನೇ?

ಹೆಜ್ಜೆ 4: ಕೈಗೆ ತಾಗುವ ಸಣ್ಣ ದುರಸ್ತಿಗಳು

ಕೊಳ್ಳುವವರು ಮನೆಯನ್ನು ಕಣ್ಣಿನಿಂದ ನೋಡುವಷ್ಟೇ ಕೈಯಿಂದಲೂ ನೋಡುತ್ತಾರೆ. ಬಾಗಿಲು ಎಳೆಯುತ್ತಾರೆ, ನಲ್ಲಿ ತಿರುಗಿಸುತ್ತಾರೆ. ಒಂದು ಹಿಡಿಕೆ ಕೈಗೆ ಕಿತ್ತು ಬಂದರೆ "ಇಷ್ಟನ್ನೂ ನೋಡಿಕೊಳ್ಳದವರು ಚಾವಣಿ ನೋಡಿಕೊಂಡಿರುತ್ತಾರಾ?" ಎಂಬ ಪ್ರಶ್ನೆ ಏಳುತ್ತದೆ.

ಬಾಗಿಲಿನ ಕೀಲಿನ ಸ್ಕ್ರೂ ಹಿಡಿಯುತ್ತಿಲ್ಲವಾದರೆ ತೂತಿಗೆ ಅಂಟು ಹಚ್ಚಿದ ಮರದ ಸೀಳು ತುಂಬಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ತಿರುಗಿಸಿ. ಗಟ್ಟಿಯಾಗಿ ಕೂರುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ತುದಿಯ ಜಾಲರಿ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ. ಗಡಸು ನೀರಿನ ಬಿಳಿ ಪದರ ಕರಗುತ್ತದೆ. ಆದರೆ ಅಮೃತಶಿಲೆಯ ಮೇಲೆ ವಿನೆಗರ್ ಬೀಳದಂತೆ ನೋಡಿಕೊಳ್ಳಿ, ಹೊಳಪು ಹೋದರೆ ಮತ್ತೆ ಪಾಲಿಶ್ ಮಾಡಿಸದೆ ಬರುವುದಿಲ್ಲ. ಸಿಂಕಿನ ಸುತ್ತ ಕಪ್ಪಾದ ಸಿಲಿಕೋನ್ ಮೇಲೆ ಹೊಸದನ್ನು ಎಳೆಯಬೇಡಿ. ಹಳೆಯದನ್ನು ಪೂರ್ತಿ ಕೆರೆದು, ಜಾಗ ಒಣಗಿಸಿ, ಹೊಸದು ಹಚ್ಚಿ, ಒಂದು ದಿನ ನೀರು ತಾಗಿಸದೆ ಬಿಡಿ.

ದೊಡ್ಡ ನವೀಕರಣ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಅಡುಗೆ ಮನೆ ಕಟ್ಟಿಸಿ ಆ ಖರ್ಚನ್ನು ಬೆಲೆಗೆ ಸೇರಿಸೋಣ ಎಂದುಕೊಳ್ಳುತ್ತೀರಿ. ನಿಮ್ಮ ಆಯ್ಕೆ ಕೊಳ್ಳುವವರಿಗೆ ಹಿಡಿಸದಿದ್ದರೆ ಅದನ್ನು ಕಿತ್ತು ಹಾಕುವ ಖರ್ಚು ಅವರ ಲೆಕ್ಕಕ್ಕೆ ಸೇರುತ್ತದೆ. ಇರುವುದು ಗಟ್ಟಿಯಾಗಿದ್ದು, ಶುಚಿಯಾಗಿದ್ದು, ಕೆಲಸ ಮಾಡುತ್ತಿದ್ದರೆ ಸಾಕು.

ಹೆಜ್ಜೆ 5: ಸಾಮಾನು ತೆರವು

ಬಣ್ಣಕ್ಕೆ ಮೊದಲೇ ಇದನ್ನು ಮುಗಿಸಿ. ಕಪಾಟುಗಳ ಮೂರನೇ ಒಂದು ಭಾಗವಾದರೂ ಖಾಲಿ ಕಾಣಬೇಕು. ಬಂದವರು ಕಪಾಟು ತೆರೆದೇ ತೆರೆಯುತ್ತಾರೆ. ತುಂಬಿ ತುಳುಕುವ ಕಪಾಟು ಎಷ್ಟೇ ದೊಡ್ಡದಿದ್ದರೂ ಚಿಕ್ಕದಾಗಿ ಕಾಣುತ್ತದೆ. ಹೇಗೂ ಮನೆ ಬಿಡುವಾಗ ಇವನ್ನೆಲ್ಲ ಕಟ್ಟಲೇಬೇಕು. ಈಗಲೇ ಅರ್ಧ ಕಟ್ಟಿ ಬೇರೆ ಕಡೆ ಇಡಿ.

ಇದು ಮನಸ್ಸಿಗೆ ಸುಲಭವಲ್ಲ. ಮಕ್ಕಳ ಎತ್ತರ ಗುರುತು ಹಾಕಿದ ಬಾಗಿಲ ಚೌಕಟ್ಟನ್ನು ಒರೆಸುವಾಗ ನನ್ನ ಕೈ ನಿಂತುಬಿಟ್ಟಿತ್ತು. ಅಂಥದ್ದರ ಫೋಟೋ ತೆಗೆದುಕೊಂಡು ಆಮೇಲೆ ಒರೆಸಿ. ಅವಸರ ಮಾಡಬೇಡಿ, ದಿನಕ್ಕೆ ಒಂದೇ ಕೋಣೆ ಸಾಕು.

ಹೆಜ್ಜೆ 6: ಬಣ್ಣ

ತಿಳಿ ಬಣ್ಣ ಆರಿಸಿಕೊಳ್ಳಿ. ಬೆಳಕು ಕಡಿಮೆ ಇರುವ ಕೋಣೆಗೆ ಅಚ್ಚ ಬಿಳಿ ಹಚ್ಚಿದರೆ ಬೂದಿಯಂತೆ ಕಾಣುತ್ತದೆ, ಅಲ್ಲಿ ಸ್ವಲ್ಪ ಕೆನೆ ಬಣ್ಣ ಒಳ್ಳೆಯದು. ಗೋಡೆಯ ಮೇಲೆ ದೊಡ್ಡದೊಂದು ಚೌಕ ಹಚ್ಚಿ ಬೆಳಗ್ಗೆ, ಸಂಜೆ, ದೀಪದ ಬೆಳಕಿನಲ್ಲಿ ನೋಡಿ ತೀರ್ಮಾನಿಸಿ. ಏರುತಗ್ಗು ಇರುವ ಗೋಡೆಗೆ ಹೊಳಪಿಲ್ಲದ ಬಣ್ಣವೇ ಸರಿ. ಹೊಳಪಿದ್ದರೆ ಪ್ರತಿ ಉಬ್ಬೂ ಎದ್ದು ಕಾಣುತ್ತದೆ. ಜಿಡ್ಡು, ಹೊಗೆ ಹಿಡಿದ ಗೋಡೆಯನ್ನು ಸೋಪಿನ ನೀರಿನಲ್ಲಿ ತೊಳೆದು, ಕಲೆ ತಡೆಯುವ ಪ್ರೈಮರ್ ಹಚ್ಚಿ. ಇಲ್ಲದಿದ್ದರೆ ಹಳದಿ ಕಲೆ ಹೊಸ ಬಣ್ಣದಲ್ಲೂ ಇಣುಕುತ್ತದೆ. ಸೀಲಿಂಗ್ ಮೊದಲು, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ.

ಮನೆ ತುಂಬಾ ಹಳೆಯದಾದರೆ ಒಂದು ಎಚ್ಚರಿಕೆ. ಹಳೆಯ ಬಣ್ಣದ ಪದರದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣವನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಅದರ ಧೂಳು ಮಕ್ಕಳಿಗೆ ತುಂಬಾ ಅಪಾಯ. ಮೊದಲು ಪರೀಕ್ಷೆ ಮಾಡಿಸಿ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಅವನ್ನು ಒಡೆಯಬೇಡಿ, ಕೊರೆಯಬೇಡಿ, ತಿಳಿದವರಿಂದ ತೆಗೆಸಿ.

ಹೆಜ್ಜೆ 7: ಶುಚಿ ಮತ್ತು ವಾಸನೆ

ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗುವುದಿಲ್ಲ. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಕೊಂಡುಬಿಡುತ್ತದೆ. ನೇರವಾಗಿ ಮಾತಾಡುವ ಸ್ನೇಹಿತರನ್ನು ಕರೆದು, ಬಾಗಿಲು ತೆಗೆದ ತಕ್ಷಣ ಏನು ಅನ್ನಿಸಿತು ಎಂದು ಕೇಳಿ. ಸುಗಂಧ ಸಿಂಪಡಿಸಿ ಮುಚ್ಚಲು ಹೋಗಬೇಡಿ, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಬಂದವರು ತಿಳಿಯುತ್ತಾರೆ. ಬಳಸದ ಸ್ನಾನದ ಮನೆಯಿಂದ ಚರಂಡಿ ವಾಸನೆ ಬರುತ್ತಿದ್ದರೆ ಕಾರಣ ಸರಳ: ಪೈಪಿನ ಬಾಗಿದ ಭಾಗದಲ್ಲಿ ನಿಂತು ವಾಸನೆ ತಡೆಯಬೇಕಿದ್ದ ನೀರು ಆರಿಹೋಗಿರುತ್ತದೆ. ಒಂದು ಬಕೆಟ್ ನೀರು ಸುರಿದರೆ ಸರಿಹೋಗುತ್ತದೆ.

ತೊಳೆಯುವಾಗ ಬ್ಲೀಚ್ ಜೊತೆ ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನಾಗಲಿ ಅಮೋನಿಯಾ ಇರುವ ದ್ರವವನ್ನಾಗಲಿ ಬೆರೆಸಲೇಬೇಡಿ. ವಿಷದ ಗಾಳಿ ಹೊರಡುತ್ತದೆ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ. ಕಿಟಕಿ ಗಾಜು, ಟೈಲ್ಸ್ ಸಂದಿ, ಫ್ಯಾನಿನ ರೆಕ್ಕೆ, ಸ್ವಿಚ್ಚಿನ ಸುತ್ತಲಿನ ಕೈಗುರುತು, ಇವು ನಾಲ್ಕು ಹೊಳೆದರೆ ಮನೆಯೇ ಹೊಳೆದಂತೆ.

ಹೆಜ್ಜೆ 8: ಕಾಗದಪತ್ರದ ಫೈಲು

ಇದನ್ನು ಎಂಟನೆಯದಾಗಿ ಬರೆದಿದ್ದರೂ ಮೊದಲ ದಿನವೇ ಶುರು ಮಾಡಿ. ಸರ್ಕಾರಿ ಪ್ರತಿ ತರಿಸಿಕೊಳ್ಳಲು, ಒಂದು ಹೆಸರಿನ ಕಾಗುಣಿತ ತಿದ್ದಿಸಲು ಎಷ್ಟು ದಿನ ಹಿಡಿಯುತ್ತದೋ ನಿಮ್ಮ ಕೈಯಲ್ಲಿಲ್ಲ. ಒಡೆತನದ ಪತ್ರ, ತೆರಿಗೆ ರಸೀದಿ, ಅನುಮೋದಿತ ನಕ್ಷೆ, ಸಾಲ ತೀರಿಸಿದ ಪತ್ರ ಅಥವಾ ಬಾಕಿ ಎಷ್ಟು ಎಂಬ ವಿವರ, ದುರಸ್ತಿಯ ಬಿಲ್ಲು ಮತ್ತು ಗ್ಯಾರಂಟಿ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿ. ಎಲ್ಲ ಕಡೆ ಹೆಸರು, ಅಳತೆ ಒಂದೇ ಇದೆಯಾ ನೋಡಿ. ಆಮೇಲೆ ಕಟ್ಟಿಸಿದ ಕೋಣೆ ನಕ್ಷೆಯಲ್ಲಿ ಇಲ್ಲದಿದ್ದರೆ ಅದನ್ನು ಮೊದಲೇ ವಕೀಲರಿಗೆ ಹೇಳಿ. ದೋಷಗಳಲ್ಲಿ ಯಾವುದನ್ನು ಬರೆದು ತಿಳಿಸಬೇಕು ಎಂಬ ಕಾನೂನು ಜಾಗದಿಂದ ಜಾಗಕ್ಕೆ ಬೇರೆ, ಅದನ್ನೂ ಅವರನ್ನೇ ಕೇಳಿ. ಕಾನೂನು ಕೇಳದಿದ್ದರೂ ಗೊತ್ತಿರುವ ದೋಷವನ್ನು ಹೇಳಿಬಿಡಿ ಎನ್ನುವುದು ನನ್ನ ಸಲಹೆ. ಮಾತು ಮುರಿದು ಬೀಳುವುದು ಹೆಚ್ಚಾಗಿ ಕೊಳ್ಳುವವರು ತಾವೇ ಕಂಡುಹಿಡಿದ ದೋಷದಿಂದ.

ಹೆಜ್ಜೆ 9: ಬೆಲೆ

1990ರಲ್ಲಿ ಸಂಶೋಧಕರಾದ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಮಗ್ ಕೊಟ್ಟರು. ಕೈಗೆ ಬಂದು ಸ್ವಲ್ಪ ಹೊತ್ತಷ್ಟೇ ಆಗಿತ್ತು. ಆದರೂ ಅದನ್ನು ಬಿಟ್ಟುಕೊಡಲು ಅವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಒಂದು ಮಗ್‌ಗೇ ಹೀಗಾದರೆ ಇಪ್ಪತ್ತು ವರ್ಷ ಬಾಳಿದ ಮನೆಗೆ ಮನಸ್ಸು ಎಷ್ಟು ಬೆಲೆ ಕಟ್ಟೀತು!

ಅದಕ್ಕೇ ಬೆಲೆಯನ್ನು ಮನಸ್ಸಿನಿಂದ ಕಟ್ಟಬೇಡಿ. ಹತ್ತಿರದಲ್ಲಿ, ಕಳೆದ ಆರು ತಿಂಗಳಲ್ಲಿ, ಅಷ್ಟೇ ಅಳತೆಯ ಮನೆಗಳು ನಿಜವಾಗಿ ಎಷ್ಟಕ್ಕೆ ಮಾರಾಟವಾದವು ಎಂದು ವಿಚಾರಿಸಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಮಾರುವವರ ಆಸೆ ಮಾತ್ರ. ಇಬ್ಬರು ಮೂವರು ತಿಳಿದವರಿಂದ ಅಂದಾಜು ಮಾಡಿಸಿ. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಅಂಕಿಯನ್ನು ಮೊದಲ ಭೇಟಿಗೆ ಮುಂಚೆಯೇ ಮನೆಯವರೆಲ್ಲ ಕೂತು ನಿರ್ಧರಿಸಿ, ಬರೆದಿಡಿ.

ಹೆಜ್ಜೆ 10: ಬೆಳಕು, ಫೋಟೋ, ಭೇಟಿಯ ದಿನ

ಒಂದೇ ಕೋಣೆಯಲ್ಲಿ ಹಳದಿ ದೀಪ, ನೀಲಿಬಿಳಿ ದೀಪ ಬೆರೆಸಬೇಡಿ. ಬಲ್ಬಿನ ಡಬ್ಬಿಯ ಮೇಲೆ 2700ರಿಂದ 3000 ಕೆಲ್ವಿನ್ ಎಂದಿದ್ದರೆ ಬೆಳಕು ಬೆಚ್ಚಗೆ ಇರುತ್ತದೆ. ಕುರ್ಚಿ ಮೇಜುಗಳ ನಡುವೆ ನಡೆಯಲು 75ರಿಂದ 90 ಸೆಂಟಿಮೀಟರ್ ಜಾಗ ಬಿಡಿ. ಜಾಗ ಸಾಲದಿದ್ದರೆ ಒಂದು ಮೇಜನ್ನು ಹೊರಗೆ ಸಾಗಿಸಿ.

ಫೋಟೋಗೆ ಹಗಲು ಹೊತ್ತು ಆರಿಸಿ, ಪರದೆ ಸರಿಸಿ, ದೀಪ ಹಾಕಿ. ಕ್ಯಾಮೆರಾ ಎದೆಯ ಎತ್ತರದಲ್ಲಿರಲಿ, ಗೋಡೆಯ ಗೆರೆಗಳು ನೆಟ್ಟಗೆ ಕಾಣಲಿ. ತುಂಬಾ ಅಗಲ ತೋರಿಸುವ ಲೆನ್ಸ್ ಬೇಡ. ಫೋಟೋದಲ್ಲಿ ದೊಡ್ಡದಾಗಿ ಕಂಡ ಕೋಣೆ ಎದುರಿಗೆ ಚಿಕ್ಕದಾಗಿ ಕಂಡರೆ ಬಂದವರಿಗೆ ಬಾಗಿಲಲ್ಲೇ ಬೇಸರ. ಮನೆಯವರ ಚಿತ್ರ, ಬೆಲೆಬಾಳುವ ವಸ್ತು, ಬೀಗದ ಕೀ ಯಾವುದೂ ಫೋಟೋದಲ್ಲಿ ಬೀಳದಿರಲಿ.

ಭೇಟಿಯ ದಿನ ಅರ್ಧ ಗಂಟೆ ಮೊದಲು ಕಿಟಕಿಗಳನ್ನು ತೆರೆಯಿರಿ. ಒಡವೆ, ಔಷಧಿ, ಬ್ಯಾಂಕ್ ಕಾಗದ ಒಳಗಿಟ್ಟು ಬೀಗ ಹಾಕಿ. ಸಾಕುಪ್ರಾಣಿಗಳನ್ನು ಹೊರಗೆ ಕರೆದುಕೊಂಡು ಹೋಗಲು ಯಾರಿಗಾದರೂ ಹೇಳಿ. ಮನೆಯನ್ನು ತೋರಿಸುವವರು ಒಬ್ಬರೇ ಇರಲಿ. ಬಂದವರ ಹಿಂದೆ ಹಿಂದೆ ಸುತ್ತಬೇಡಿ. ಕೋಣೆಯಲ್ಲಿ ಅವರಷ್ಟಕ್ಕೆ ಎರಡು ನಿಮಿಷ ಬಿಟ್ಟರೆ ಅವರು ತಮ್ಮ ಮಂಚ ಎಲ್ಲಿಡಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಅವರು ಹೋದ ಮೇಲೆ ಏನೇನು ಕೇಳಿದರು ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದೇ ಪ್ರಶ್ನೆ ಇಬ್ಬರಿಂದ ಬಂದರೆ, ಮೂರನೆಯವರು ಬರುವ ಮೊದಲು ಅದಕ್ಕೊಂದು ದುರಸ್ತಿಯೋ, ಬಿಲ್ಲೋ, ನೇರ ಉತ್ತರವೋ ಸಿದ್ಧ ಮಾಡಿಕೊಳ್ಳಿ.